ನೀವು ಕೇಳಿದ್ರಿ: ಗಾಳಿಯ ಅಲೆಗಳು, ಗಾದಂಕಿಯ ಆಂಟೆನಾ ತೋಟ

ಹೋದ ಸಂಚಿಕೇಲಿ ಮಳೆ ಬಗ್ಗೆ ಒಂದು ಪ್ರಶ್ನೆಗೆ ಉತ್ತರ ಬರೀತಾ ಸುಮ್ನೆ ಹಾಗೇ ಒಂದು ಸಾಲು ಸೇರಿಸಿಬಿಟ್ಟಿದ್ದೆ, "ತಿರುಪತಿ ಹತ್ರದ ಗಾದಂಕಿಯ ರೇಡಾರ್ ವಾತಾವರಣದ ಗ್ರಾವಿಟಿ ವೇವ್‌ಗಳನ್ನೂ ಅಳೆಯುತ್ತೆ" ಅಂತ. ಆ ಒಂದು ಸಾಲಿಗೆ ಬಂದಷ್ಟು ಮೇಲ್, ಕಾಗದ, ವಾಟ್ಸ್ಯಾಪ್ ಇಡೀ ಮಳೆ ಉತ್ತರಕ್ಕೆ ಬರ್ಲಿಲ್ಲ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಬಿಟ್ಟಿದೀನಿ, ಬೆಂಡೆಕಾಯಿ ಲೋಳೆ ಪ್ರಶ್ನೆ ಕೇಳಿದವರು ಮುಂದಿನ ತಿಂಗಳವರೆಗೆ ಸ್ವಲ್ಪ ತಡ್ಕೊಳ್ಳಿ.

ಪ್ರ: ಗ್ರಾವಿಟಿ ವೇವ್ ಅಂದ್ರೆ ಅಮೆರಿಕದ ಲೈಗೋದವರು ಹಿಡಿದಿದ್ದು ಅಲ್ವಾ ಸರ್? ಎರಡು ಕಪ್ಪುಕುಳಿ ಡಿಕ್ಕಿ ಹೊಡೆದಾಗ ಬರೋದು. ಅದಕ್ಕೆ ನಾಲ್ಕು ಕಿಲೋಮೀಟರ್ ಉದ್ದದ ಕೊಳವೆ ಬೇಕು ಅಂತ ಓದಿದ್ದೆ, ಗಾದಂಕಿಯವರು ಬರೀ ಆಂಟೆನಾ ಇಟ್ಕೊಂಡು ಹೇಗೆ ಹಿಡೀತಾರೆ? (ಹಾಸನದ ಓದುಗರು)

ಉ: ತಪ್ಪು ನಂದೇ, ಒಂದು ಸಾಲಲ್ಲಿ ಮುಗಿಸಬಾರದಿತ್ತು. ಹೆಸರು ಹತ್ರ ಹತ್ರ ಇದೆ, ಸಂಬಂಧ ಮಾತ್ರ ಏನೂ ಇಲ್ಲ. ಲೈಗೋ 2015ರ ಸೆಪ್ಟೆಂಬರಲ್ಲಿ ಹಿಡಿದಿದ್ದು ಗ್ರಾವಿಟೇಷನಲ್ ವೇವ್, ಅದು ದೇಶ-ಕಾಲವೇ ಅಲುಗಾಡೋದು. ನಾನು ಬರೆದಿದ್ದು ಗ್ರಾವಿಟಿ ವೇವ್, ಇದು ಗಾಳಿ ಅಲುಗಾಡೋದು ಅಷ್ಟೇ. ಕನ್ನಡದಲ್ಲಿ ಎರಡಕ್ಕೂ "ಗುರುತ್ವ ತರಂಗ" ಅಂತಲೇ ಬರೆದು ಗೊಂದಲ ಮಾಡೋರು ಇದಾರೆ, ನಾನು ಇಲ್ಲಿಂದ ಮುಂದೆ "ತೇಲಲೆ" ಅಂತ ಕರೀತೀನಿ, ನಿಮಗೆ ಇಷ್ಟ ಆಗದಿದ್ರೆ ಬೇರೆ ಹೆಸರು ಕಳಿಸಿ.

ಯಾಕೆ ತೇಲಲೆ ಅಂದ್ರೆ, ಬಾವೀಲಿ ಒಂದು ಒಣ ತೆಂಗಿನಕಾಯಿ ತೇಲ್ತಿದೆ ಅಂದ್ಕೊಳ್ಳಿ. ಕೈಯಿಂದ ಒಳಕ್ಕೆ ಒತ್ತಿ ಬಿಟ್ರೆ ಮೇಲೆ ಬರುತ್ತೆ, ಬಂದಿದ್ದು ಅಲ್ಲೇ ನಿಲ್ಲಲ್ಲ, ಸ್ವಲ್ಪ ಜಾಸ್ತಿ ಮೇಲೆ ಹಾರಿ ಮತ್ತೆ ಮುಳುಗುತ್ತೆ, ಹೀಗೆ ನಾಲ್ಕೈದು ಸಲ. ಗಾಳಿಗೂ ಇದೇ ಕಥೆ. ಒಂದು ಮುದ್ದೆ ಗಾಳೀನ ಯಾವುದೋ ಗುಡ್ಡವೋ ಗುಡುಗು ಮೋಡವೋ ಮೇಲಕ್ಕೆ ತಳ್ಳಿತು ಅಂದ್ರೆ ಅದು ಹಿಗ್ಗಿ ತಣ್ಣಗಾಗುತ್ತೆ, ಸುತ್ತಲಿನ ಗಾಳಿಗಿಂತ ಭಾರ ಆಗುತ್ತೆ, ಕೆಳಗೆ ಬೀಳುತ್ತೆ, ಬೀಳೋ ರಭಸಕ್ಕೆ ತನ್ನ ಜಾಗ ದಾಟಿ ಇನ್ನೂ ಕೆಳಗೆ ಹೋಗಿ ಬೆಚ್ಚಗಾಗಿ ಹಗುರಾಗಿ ಮತ್ತೆ ಮೇಲೆ. ಈ ತೂಗಾಟ ಪಕ್ಕದ ಗಾಳಿಗೂ ಹರಡಿಕೊಂಡು ಅಲೆಯಾಗಿ ಹೊರಡುತ್ತೆ. ವಾಪಸ್ ಎಳೆಯೋದು ಭೂಮಿಯ ಗುರುತ್ವ, ಅದಕ್ಕೇ ಆ ಹೆಸರು ಬಂದಿದ್ದು. ನಮ್ಮ ತಲೆ ಮೇಲಿನ ಗಾಳೀಲಿ ಒಂದು ತೂಗಾಟಕ್ಕೆ ಕಡಿಮೆ ಅಂದ್ರೂ ಹತ್ತು ನಿಮಿಷ ಹಿಡಿಯುತ್ತೆ, ಇನ್ನೂ ಮೇಲೆ, ಮಳೆ ಮೋಡಗಳ ಪದರ ದಾಟಿದ ಮೇಲೆ ಬರೋ ಸ್ಟ್ರಾಟೋಸ್ಫಿಯರಲ್ಲಿ ಐದು ನಿಮಿಷ ಸಾಕು. ಜಾಸ್ತಿ ಅಂದ್ರೆ ಎಷ್ಟು ಅನ್ನೋದನ್ನ ಭೂಮಿ ತಿರುಗೋದು ತೀರ್ಮಾನ ಮಾಡುತ್ತೆ, ಗಾದಂಕಿ ಇರೋ 13.5 ಡಿಗ್ರಿ ಅಕ್ಷಾಂಶದಲ್ಲಿ ಅದು ಸುಮಾರು 51 ಗಂಟೆ. ಐದು ನಿಮಿಷದಿಂದ ಎರಡು ದಿನದವರೆಗೆ, ಅಂದ್ರೆ ಈ ಕುಟುಂಬ ಸಣ್ಣದಲ್ಲ.

ಪ್ರ: ನಮ್ಮ ಕಾಲೇಜಿಂದ ಟೂರ್ ಹೋದಾಗ ಗಾದಂಕೀಲಿ ಒಂದು ಮೈದಾನ ತುಂಬ ಟಿವಿ ಆಂಟೆನಾ ನೆಟ್ಟಿದ್ದು ನೋಡಿದ್ವಿ. ತಿರುಗೋ ತಟ್ಟೆ ಏನೂ ಇರ್ಲಿಲ್ಲ. ಗೈಡ್ ಅದೇನೋ ಹೇಳಿದ್ರು, ಅರ್ಧ ತಲೆಗೆ ಹೋಗ್ಲಿಲ್ಲ. ಅದು ರೇಡಾರ್ ಹೇಗಾಗುತ್ತೆ? ಮೇಲೆ ವಿಮಾನ ಇಲ್ಲ, ಮೋಡ ಇಲ್ಲ, ಖಾಲಿ ಆಕಾಶದಿಂದ ಏನು ವಾಪಸ್ ಬರುತ್ತೆ? (ಬಿಎಸ್ಸಿ ವಿದ್ಯಾರ್ಥಿನಿ, ಕೋಲಾರ)

ಉ: ಬಂದ ಪ್ರಶ್ನೆಗಳಲ್ಲಿ ನನಗೆ ತುಂಬ ಹಿಡಿಸಿದ್ದು ನಿಮ್ಮ ಕೊನೇ ವಾಕ್ಯ. ಮೊದಲು ಆಂಟೆನಾ ವಿಷಯ ಮುಗಿಸೋಣ. ಅವು ಟಿವಿ ಆಂಟೆನಾ ಥರ ಕಾಣೋದು ಯಾಕಂದ್ರೆ ಎರಡೂ ಒಂದೇ ಜಾತಿ, ಯಾಗಿ ಆಂಟೆನಾ ಅಂತಾರೆ, ಜಪಾನಿನ ಯಾಗಿ ಮತ್ತು ಉಡಾ ಅನ್ನೋರ ಹೆಸರು. ಗಾದಂಕಿಯದು ಓಡೋದು 53 ಮೆಗಾಹರ್ಟ್ಜಲ್ಲಿ, ಹಳೇ ಕಾಲದ ಟಿವಿ ಚಾನೆಲ್‌ಗಳ ಪಕ್ಕದ ಮನೆ ಅದು. 32 ಸಾಲು, ಸಾಲಿಗೆ 32, ಒಟ್ಟು 1024 ಆಂಟೆನಾ, 130 ಮೀಟರ್ ಉದ್ದ 130 ಮೀಟರ್ ಅಗಲದ ಜಾಗ, ಅಂದ್ರೆ ನಾಲ್ಕು ಎಕರೆಗೆ ಸ್ವಲ್ಪ ಮೇಲೆ.

ತಟ್ಟೆ ತಿರುಗಿಸೋ ಬದಲು ಏನ್ ಮಾಡ್ತಾರೆ ಅಂದ್ರೆ, ಒಂದೊಂದು ಸಾಲಿಗೂ ಸಿಗ್ನಲ್ಲನ್ನ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ ಕಳಿಸ್ತಾರೆ. ಪೂರ್ವದ ಸಾಲು ಮೊದಲು, ಪಶ್ಚಿಮದ ಸಾಲು ಒಂಚೂರು ತಡವಾಗಿ ಹೊರಟ್ರೆ ಎಲ್ಲಾ ಸೇರಿದ ಕಿರಣ ಪಶ್ಚಿಮಕ್ಕೆ ವಾಲುತ್ತೆ. ಏನೂ ಅಲ್ಲಾಡಲ್ಲ, ಕಿರಣ ಮಾತ್ರ ನೆಟ್ಟಗೆ ಮೇಲೆ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ಒಂದಾದ ಮೇಲೊಂದು ಕಡೆ ನೋಡ್ತಾ ಹೋಗುತ್ತೆ. ಕಿರಣದ ಅಗಲ ಮೂರು ಡಿಗ್ರಿ.

ಈಗ ಖಾಲಿ ಆಕಾಶ. ಖಾಲಿ ಅಲ್ಲ ಅದು. ಬೇಸಿಗೇಲಿ ಡಾಂಬರು ರಸ್ತೆ ಮೇಲೆ ಗಾಳಿ ನಡುಗಿದ ಹಾಗೆ ಕಾಣುತ್ತಲ್ಲ, ಬಿಸಿ ಗಾಳಿ ತಣ್ಣನೆ ಗಾಳಿ ಕಲಕಿ ಬೆಳಕನ್ನ ಒಂದಿಷ್ಟು ಬಗ್ಗಿಸೋದು, ಅದೇ ಥರ ಮೇಲಿನ ಗಾಳೀಲೂ ತೇವ, ಉಷ್ಣತೆ ಎಲ್ಲ ಕಡೆ ಒಂದೇ ಸಮ ಇರಲ್ಲ, ಸಣ್ಣ ಸಣ್ಣ ಸುಳಿಗಳು ಅದನ್ನ ಕಲಕ್ತಾನೇ ಇರ್ತವೆ. 53 ಮೆಗಾಹರ್ಟ್ಜ್ ರೇಡಿಯೋದ ಅಲೆಯುದ್ದ ಸುಮಾರು 5.7 ಮೀಟರ್. ಅದರ ಅರ್ಧ, ಅಂದ್ರೆ 2.8 ಮೀಟರ್ ಅಂತರದ ಏರಿಳಿತಗಳಿಂದ ಬರೋ ಚೂರುಪಾರು ಮಾರ್ದನಿ ಎಲ್ಲ ಒಂದರ ಮೇಲೊಂದು ಕೂಡಿಕೊಂಡು ಕೆಳಗೆ ಕೇಳಿಸೋ ಮಟ್ಟಕ್ಕೆ ಬರುತ್ತೆ, ಬೇರೆ ಅಳತೆಯವು ಒಂದನ್ನೊಂದು ಕೊಂದುಕೊಳ್ತವೆ. ಹಾಗಾಗಿ ಈ ರೇಡಾರ್ ನೋಡೋದು ವಸ್ತುವನ್ನಲ್ಲ, ಗಾಳಿಯ ಕಲಕಾಟವನ್ನ.

ಬಂದ ಮಾರ್ದನಿ ಎಷ್ಟು ಬಡಕಲು ಅಂದ್ರೆ ಜಾತ್ರೆ ಗದ್ದಲದಲ್ಲಿ ಆ ತುದೀಲಿ ಮಗು ಅಮ್ಮಾ ಅಂದಷ್ಟು. ಗದ್ದಲ ಯಾವುದು ಗೊತ್ತಾ, ಈ ಫ್ರೀಕ್ವೆನ್ಸೀಲಿ ಮುಖ್ಯ ಗದ್ದಲ ನಮ್ಮ ಆಕಾಶಗಂಗೆಯದೇ, ಅಲ್ಲಿಂದ ಬರೋ ರೇಡಿಯೋ ಸದ್ದು. ಅದನ್ನ ಆಫ್ ಮಾಡೋಕಾಗಲ್ಲ. ಅದಕ್ಕೆ ಮಗು ಒಂದೇ ಸಲ ಅಲ್ಲ ಸಾವಿರ ಸಲ ಅಮ್ಮಾ ಅನ್ನಲಿ ಅಂತ ಪಲ್ಸ್ ಮೇಲೆ ಪಲ್ಸ್ (ರೇಡಿಯೋದ ಪುಟ್ಟ ಪುಟ್ಟ ತುಣುಕು) ಕಳಿಸಿ, ಬಂದಿದ್ದನ್ನೆಲ್ಲ ಒಂದರ ಮೇಲೊಂದು ಕೂಡಿಸ್ತಾರೆ, ಗದ್ದಲ ಒಂದೊಂದು ಸಲ ಒಂದೊಂದು ಥರ ಇರೋದ್ರಿಂದ ಕೂಡಿದ ಹಾಗೆ ಹಿಂದೆ ಬೀಳುತ್ತೆ, ಮಾರ್ದನಿ ಗಟ್ಟಿಯಾಗುತ್ತೆ. ಪಲ್ಸ್ ಹೋಗಿ ಬರೋ ಸಮಯದಿಂದ ಎತ್ತರ ಗೊತ್ತಾಗುತ್ತೆ (10 ಕಿ.ಮೀ.ಗೆ ಸೆಕೆಂಡಿನ ಹದಿನೈದು ಸಾವಿರದಲ್ಲೊಂದು ಪಾಲು), ಫ್ರೀಕ್ವೆನ್ಸಿ ಬದಲಾಗಿದ್ರಿಂದ ಗಾಳಿ ವೇಗ ಗೊತ್ತಾಗುತ್ತೆ. ಇದು ಡಾಪ್ಲರ್, ಆಂಬುಲೆನ್ಸ್ ಹತ್ರ ಬರೋವಾಗ ಒಂಥರಾ ದಾಟಿದ ಮೇಲೆ ಒಂಥರಾ ಕೇಳಿಸುತ್ತಲ್ಲ ಅದು. ಆದ್ರೆ ಇಲ್ಲಿ ಲೆಕ್ಕ ಹಾಕಿ ನೋಡಿ, ಗಾಳಿ ಸೆಕೆಂಡಿಗೆ ಒಂದು ಮೀಟರ್ ಹತ್ರ ಬಂದ್ರೆ ಐದು ಕೋಟಿ ಮೂವತ್ತು ಲಕ್ಷ ಕಂಪನದಲ್ಲಿ ಬದಲಾಗೋದು ಒಂದು ಕಂಪನದ ಮೂರನೇ ಒಂದು ಭಾಗ! ಅಂಥದ್ದರಲ್ಲಿ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ಏರೋ ಗಾಳೀನೂ ಅಳೀತಾರೆ. ಗಾಳಿ ಅಡ್ಡ ಬೀಸೋದನ್ನ ಬಲೂನ್ ಬಿಟ್ಟೂ ತಿಳೀಬಹುದು, ನೆಟ್ಟಗೆ ಮೇಲೇರೋ ಗಾಳೀನ ಹೀಗೆ ನೇರವಾಗಿ ಅಳೆಯೋ ಉಪಕರಣ ಬೆರಳೆಣಿಕೆಯಷ್ಟು.

ಅಲೆ ಎಲ್ಲಿ ಬಂತು ಅಂತ ಕೇಳ್ತೀರಿ. ಅಡ್ಡಕ್ಕೆ ಸಮಯ, ಉದ್ದಕ್ಕೆ ಎತ್ತರ ಹಾಕಿ, ಗಾಳಿ ವೇಗಕ್ಕೆ ಬಣ್ಣ ಕೊಟ್ಟು ಚಿತ್ರ ಬರೆದ್ರೆ ಓರೆ ಓರೆ ಪಟ್ಟೆಗಳು ಕಾಣ್ತವೆ, ಇಳಕಲ್ ಸೀರೇನ ಓರೆಯಾಗಿ ಹಾಸಿದ ಹಾಗೆ. ಆ ಪಟ್ಟೆಗಳೇ ಅಲೆ. ಇದರಲ್ಲಿ ಒಂದು ಮಜಾ ಇದೆ, ಎಷ್ಟು ಸಲ ಓದಿದ್ರೂ ನನಗೆ ಇನ್ನೂ ತಮಾಷೆ ಅನ್ಸುತ್ತೆ: ಪಟ್ಟೆಗಳು ಹೊತ್ತು ಹೋದ ಹಾಗೆ ಕೆಳಗಿಳೀತಿದ್ರೆ ಅಲೆಯ ಶಕ್ತಿ ಮೇಲಕ್ಕೆ ಹೋಗ್ತಿದೆ ಅಂತ ಅರ್ಥ. ಉಬ್ಬು ಕೆಳಗೆ, ಶಕ್ತಿ ಮೇಲೆ. ತೇಲಲೆಯ ಸ್ವಭಾವವೇ ಹಾಗೆ. ಮೊದಮೊದಲು ನಾನೂ ಚಿತ್ರ ತಲೆಕೆಳಗಾಗಿ ಪ್ರಿಂಟ್ ಆಗಿದೆ ಅಂದ್ಕೊಂಡಿದ್ದೆ.

ಇನ್ನೊಂದು ಮಾತು, ಈ ರೇಡಾರಿಗೆ ಎಲ್ಲಾ ಎತ್ತರವೂ ಕಾಣಲ್ಲ. ಕೆಳಗಿನ 20-25 ಕಿ.ಮೀ. ಚೆನ್ನಾಗಿ ಕಾಣುತ್ತೆ. ಅಲ್ಲಿಂದ 60 ಕಿ.ಮೀ. ದಾಟೋವರೆಗೆ ಕುರುಡು, ಅಲ್ಲಿ ತೇವ ಇಲ್ಲ, ಗಾಳೀನೂ ತೆಳು, ವಾಪಸ್ ಕಳಿಸೋಕೆ ಏನೂ ಇಲ್ಲ. 65ರಿಂದ 85 ಕಿ.ಮೀ.ವರೆಗೆ ಮತ್ತೆ ಕಾಣುತ್ತೆ, ಯಾಕಂದ್ರೆ ಅಲ್ಲಿ ಬಿಸಿಲಿಗೆ ಅಣುಗಳಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಬಂದಿರ್ತವೆ, ಕಲಕಾಟ ಆ ಎಲೆಕ್ಟ್ರಾನ್‌ಗಳನ್ನೂ ಕಲಕುತ್ತೆ. ಸೂರ್ಯ ಮುಳುಗಿದ ಅಂದ್ರೆ ಆ ಅಂಗಡಿ ಬಂದ್. ನಡುವಿನ ಕುರುಡು ಜಾಗಕ್ಕೆ ಅದೇ ಕ್ಯಾಂಪಸಲ್ಲಿ 1998ರಿಂದ ಲೈಡಾರ್ ಇದೆ, ಲೇಸರ್ ಬೆಳಕು ಬಿಟ್ಟು ನೋಡೋದು, ಅದಕ್ಕೆ ರಾತ್ರಿ ಬೇಕು, ಮೋಡ ಇರಬಾರದು. ಹೀಗೆ ಒಬ್ಬರು ಹಗಲು ಪಾಳಿ, ಒಬ್ಬರು ರಾತ್ರಿ ಪಾಳಿ.

ಪ್ರ: ಗಾದಂಕಿ ರೇಡಾರಿನ ಶಕ್ತಿ 2.5 ಮೆಗಾವ್ಯಾಟ್ ಅಂತ ಎಲ್ಲೋ ಓದಿದೆ. ಮೇಲೆ ಹಾರೋ ಹಕ್ಕಿಗಳ ಗತಿ? (ಶಿವಮೊಗ್ಗ)

ಉ: ಆ 2.5 ಮೆಗಾವ್ಯಾಟ್ ಪಲ್ಸ್ ಹೊರಡೋ ಆ ಗಳಿಗೇಲಿ ಮಾತ್ರ. ನೂರು ಪಾಲು ಸಮಯದಲ್ಲಿ ಎರಡೂವರೆ ಪಾಲಿಗಿಂತ ಜಾಸ್ತಿ ಹೊತ್ತು ಅದು ಕಳಿಸೋದೇ ಇಲ್ಲ, ಮಿಕ್ಕಿದ್ದೆಲ್ಲ ಕಿವಿಗೊಟ್ಟು ಕೇಳೋದೇ ಕೆಲಸ. ಸರಾಸರಿ ತೆಗೆದ್ರೆ ಅರವತ್ತು ಕಿಲೋವ್ಯಾಟ್ ಚಿಲ್ಲರೆ, ಅದನ್ನ ನಾಲ್ಕು ಎಕರೆಗೆ ಹಂಚಿದ್ರೆ ಚದರ ಮೀಟರಿಗೆ ನಾಲ್ಕು ವ್ಯಾಟೂ ಬರಲ್ಲ, ಮಧ್ಯಾಹ್ನದ ಬಿಸಿಲು ಅಷ್ಟೇ ಜಾಗಕ್ಕೆ ಸುಮಾರು ಸಾವಿರ ವ್ಯಾಟ್ ಸುರೀತಿರುತ್ತೆ. ರೇಡಿಯೋನೂ ಬಿಸಿಲೂ ಮೈಗೆ ಒಂದೇ ಥರ ಅಲ್ಲ, ಇದು ಬರೀ ಅಂದಾಜಿಗೆ ಹೇಳಿದ್ದು. ಮೇಲೆ ದಾಟಿ ಹೋಗೋ ಹಕ್ಕಿ ಸುಟ್ಟು ಬೀಳೋ ಸಿನಿಮಾ ಸೀನ್ ಆಗಲ್ಲ.

ಪ್ರ: ನಮ್ಮ ತೋಟ ಮುಳ್ಳಯ್ಯನಗಿರಿ ತಪ್ಪಲಲ್ಲಿದೆ. ಜೂನ್-ಜುಲೈನಲ್ಲಿ ಬೀಸೋ ಗಾಳಿಗೆ ಸಿಲ್ವರ್ ಓಕ್ ಮುರ್ಕೊಂಡು ಬೀಳ್ತವೆ. ಆ ಗಾಳಿ ಬೆಟ್ಟಕ್ಕೆ ಬಡಿದು ಏಳೋ ಅಲೆಗಳು ನೀವು ಹೇಳೋ ಎಂಬತ್ತು ಕಿಲೋಮೀಟರಿಗೂ ಹೋಗ್ತವಾ? (ಕಾಫಿ ಬೆಳೆಗಾರರು, ಚಿಕ್ಕಮಗಳೂರು)

ಉ: ಹೋಗಬೇಕು ಅನ್ಸುತ್ತಲ್ವಾ, ಅಷ್ಟು ಗಾಳಿ, ಅಷ್ಟು ದೊಡ್ಡ ಬೆಟ್ಟಸಾಲು. ಆದ್ರೆ ಮಳೆಗಾಲದಲ್ಲಿ ಹೋಗೋದು ಕಷ್ಟ, ಕಾರಣ ಚೆನ್ನಾಗಿದೆ, ಕೇಳಿ.

ಹೊಳೇಲಿ ಕಲ್ಲಿನ ಹಿಂದೆ ನೀರು ಉಬ್ಬಿರುತ್ತೆ, ನೋಡಿರ್ತೀರಿ. ನೀರು ಹರೀತಾ ಇರುತ್ತೆ, ಉಬ್ಬು ಮಾತ್ರ ಇದ್ದಲ್ಲೇ ಇರುತ್ತೆ. ಬೆಟ್ಟದ ಅಲೇನೂ ಹಾಗೇ, ಬೆಟ್ಟಕ್ಕೆ ಕಟ್ಟಿ ಹಾಕಿದ ಅಲೆ ಅದು, ಗಾಳಿ ಅದರೊಳಗಿಂದ ಹಾದು ಹೋಗ್ತಿರಬೇಕು. ಹೊಳೆ ನೀರು ನಿಂತ್ರೆ ಉಬ್ಬು ಉಳಿಯುತ್ತಾ? ಇಲ್ಲ. ಮುಂಗಾರಿನಲ್ಲಿ ಘಟ್ಟದ ಮೇಲೆ ಪಶ್ಚಿಮದಿಂದ ಬೀಸೋ ಆ ಗಾಳಿ ಬರೀ ಕೆಳಗಿನ ಐದಾರು ಕಿಲೋಮೀಟರಿನ ಆಟ. ಅದಕ್ಕೂ ಮೇಲೆ ಗಾಳಿ ತಿರುಗಿಬಿಡುತ್ತೆ, ಪೂರ್ವದಿಂದ ಬೀಸೋಕೆ ಶುರು, ಹದಿನೈದು ಕಿಲೋಮೀಟರ್ ಹತ್ರ ಹೋದ್ರೆ ಪೂರ್ವದ ಜೆಟ್ ಗಾಳಿ ಸೆಕೆಂಡಿಗೆ ನಲವತ್ತು ಮೀಟರ್ ರಭಸದಲ್ಲಿ ಇರುತ್ತೆ, ಗಾದಂಕಿ ರೇಡಾರ್ ಚಿತ್ರಗಳಲ್ಲಿ ಜೂನಿಂದ ಆಗಸ್ಟ್‌ವರೆಗೆ ಅದು ದಪ್ಪ ಪಟ್ಟಿಯಾಗಿ ಕಾಣೋದು. ಪಶ್ಚಿಮದಿಂದ ಬೀಸೋ ಗಾಳಿ ಪೂರ್ವದಿಂದ ಬೀಸೋ ಗಾಳಿಯಾಗಿ ಬದಲಾಗೋ ನಡುವೆ ಎಲ್ಲೋ ಒಂದು ಎತ್ತರದಲ್ಲಿ ಗಾಳಿ ಸೊನ್ನೆ ಆಗಲೇಬೇಕು. ಬೆಟ್ಟದ ಅಲೆ ಅಲ್ಲಿಗೆ ಮುಟ್ಟಿದ್ರೆ ಮುಗೀತು, ಗಾಳಿ ಅದನ್ನ ನುಂಗಿಹಾಕುತ್ತೆ.

ಇದು ಬೆಟ್ಟದ ಅಲೆಗೆ ಮಾತ್ರ ಅಲ್ಲ, ಎಲ್ಲಾ ತೇಲಲೆಗೂ ಇರೋ ನಿಯಮ: ಅಲೆಯ ವೇಗವೂ ಗಾಳಿಯ ವೇಗವೂ ಎಲ್ಲಿ ಸಮ ಆಗುತ್ತೋ ಅಲ್ಲಿ ಅಲೆ ಸಾಯುತ್ತೆ. ಗಾಳಿ ಒಂದು ಜರಡಿ. ಪೂರ್ವದಿಂದ ಪಶ್ಚಿಮಕ್ಕೆ ಬೀಸೋ ಜೆಟ್ಟು, ಅದೇ ದಿಕ್ಕಲ್ಲಿ ಅದರಷ್ಟೇ ವೇಗದಲ್ಲಿ ಹೋಗೋ ಅಲೆಗಳನ್ನ ತಡೆಯುತ್ತೆ, ಎದುರು ದಿಕ್ಕಿಗೆ, ಪೂರ್ವಕ್ಕೆ ಹೋಗೋವನ್ನ ಬಿಡುತ್ತೆ. ಇಂಥ ಚಲಿಸೋ ಅಲೆಗಳನ್ನ ಹುಟ್ಟಿಸೋದು ಗುಡುಗು ಮೋಡ. ಏಪ್ರಿಲ್-ಮೇನಲ್ಲಿ ಸಂಜೆ ಏಳುತ್ತಲ್ಲ ಆ ಹೂಕೋಸಿನ ಥರದ ಮೋಡ, ಅದರೊಳಗೆ ಗಾಳಿ ಸೆಕೆಂಡಿಗೆ ಹತ್ತು ಮೀಟರಿಗೂ ಮೀರಿ ಏರುತ್ತೆ, ಹದಿನಾರು ಹದಿನೇಳು ಕಿಲೋಮೀಟರಲ್ಲಿ ಸ್ಟ್ರಾಟೋಸ್ಫಿಯರಿನ ನೆಲಕ್ಕೆ ಕೆಳಗಿಂದ ತಲೆ ಚಚ್ಚುತ್ತೆ, ಕೆರೆಗೆ ಕಲ್ಲೆಸೆದ ಹಾಗೆ ಸುತ್ತ ಅಲೆ ಏಳುತ್ತೆ. ಹಾಗಾಗಿ ನಿಮ್ಮ ಸಿಲ್ವರ್ ಓಕ್ ಮುರಿಯೋ ಗಾಳಿಗಿಂತ ನಿಮ್ಮ ಹೂಮಳೆ ತರೋ ಗುಡುಗು ಮೋಡಕ್ಕೇ ಮೇಲೆ ಕೈ ಚಾಚೋ ತಾಕತ್ತು ಜಾಸ್ತಿ.

ಪ್ರ: ನಾವು ತುಮಕೂರಿನವರು, ಈಗ ಸ್ಟಾಕ್‌ಹೋಮಲ್ಲಿ ಇದೀವಿ. ಜುಲೈ ರಾತ್ರಿ ಹನ್ನೊಂದೂವರೆಗೆ ಬಾಲ್ಕನಿಯಿಂದ ಉತ್ತರಕ್ಕೆ ನೋಡಿದ್ರೆ ಬೆಳ್ಳಿ-ನೀಲಿ ಬಣ್ಣದ ಮೋಡ ಹೊಳೀತಿತ್ತು, ಮರಳಿನ ಮೇಲೆ ನೀರು ಹರಿದು ಹೋದ ಮೇಲೆ ಉಳಿಯೋ ಗೆರೆಗಳ ಥರ. ಇಲ್ಲಿಯವರು ಅದು ತುಂಬ ಎತ್ತರದ ಮೋಡ ಅಂದ್ರು. ಗೆರೆ ಯಾಕೆ? ನಿಮ್ಮ ಅಲೆಗೂ ಇದಕ್ಕೂ ಸಂಬಂಧ ಇದ್ಯಾ?

ಉ: ಸಂಬಂಧ ಏನ್ ಬಂತು, ನೀವು ಅಲೆಯನ್ನೇ ನೋಡಿದ್ದು! ನಾವಿಲ್ಲಿ ನಾಲ್ಕು ಎಕರೆ ಆಂಟೆನಾ ನೆಟ್ಟು ಕಂಪ್ಯೂಟರಲ್ಲಿ ಪಟ್ಟೆ ಹುಡುಕ್ತಿದ್ರೆ ನೀವು ಬಾಲ್ಕನೀಲಿ ಕಾಫಿ ಕುಡೀತಾ ನೋಡಿದೀರಿ, ಹೊಟ್ಟೆಕಿಚ್ಚಾಗ್ತಿದೆ.

ಅವು ನಾಕ್ಟಿಲ್ಯೂಸೆಂಟ್ ಮೋಡ, ರಾತ್ರಿ ಹೊಳೆಯೋ ಮೋಡ ಅಂತ ಅರ್ಥ. ಇರೋದು ಸುಮಾರು 83 ಕಿ.ಮೀ. ಎತ್ತರದಲ್ಲಿ, ಮಾಮೂಲಿ ಮಳೆ ಮೋಡ ಹತ್ತು ಹದಿನೈದು ಕಿಲೋಮೀಟರಿಗೆ ಮುಗಿಯುತ್ತೆ. ನಿಮಗೆ ಸೂರ್ಯ ಮುಳುಗಿದ್ರೂ ಅಷ್ಟು ಎತ್ತರಕ್ಕೆ ಬಿಸಿಲು ಇನ್ನೂ ಸಿಗ್ತಿರುತ್ತೆ, ಅದಕ್ಕೇ ಹೊಳೆಯೋದು. ಇವುಗಳನ್ನ ಜನ ಮೊದಲು ಗಮನಿಸಿ ಬರೆದಿಟ್ಟಿದ್ದು 1885ರಲ್ಲಿ, ಕ್ರಕಟೋವಾ ಜ್ವಾಲಾಮುಖಿ ಸಿಡಿದ ಎರಡು ವರ್ಷಕ್ಕೆ. ಉಲ್ಕೆಗಳು ಉರಿದು ಉಳಿದ ಧೂಳಿಗೆ ನೀರಾವಿ ಮಂಜುಗಡ್ಡೆಯಾಗಿ ಅಂಟಿಕೊಂಡು ಈ ಮೋಡ ಆಗುತ್ತೆ. ಆ ಅಗಲವಾದ ಪಟ್ಟೆಗಳಿದ್ವಲ್ಲ, ಹತ್ತಾರು ಕಿಲೋಮೀಟರ್ ಅಂತರದವು, ಅವು ತೇಲಲೆ. ಅವುಗಳ ನಡುವೆ ತೀರಾ ಸಣ್ಣ ಸುಕ್ಕುಗಳು ಕಂಡಿದ್ರೆ ಅದು ಅಲೆ ಒಡೀತಿರೋ ಜಾಗ.

ಅಲೆ ಯಾಕೆ ಒಡೆಯುತ್ತೆ? ಬಾರುಕೋಲು ಬೀಸೋದು ನೋಡಿರ್ತೀರಿ, ಹಿಡಿ ಹತ್ರ ಕೈ ಅಲ್ಲಾಡೋದು ಒಂಚೂರು, ಬಾರು ತುದೀಗೆ ಹೋಗ್ತಾ ಹೋಗ್ತಾ ತೆಳ್ಳಗಾಗಿ ಕೊನೇಲಿ ಛಟೀರ್ ಅನ್ನುತ್ತೆ. ವಾತಾವರಣವೂ ಒಂದು ಬಾರುಕೋಲು. 80 ಕಿ.ಮೀ. ಎತ್ತರದಲ್ಲಿ ಗಾಳಿಯ ಸಾಂದ್ರತೆ ನೆಲದ ಮಟ್ಟದ 65 ಸಾವಿರದಲ್ಲೊಂದು ಪಾಲು ಅಷ್ಟೇ. ಅಲೆ ಹೊತ್ತ ಶಕ್ತಿ ಅಷ್ಟೇ ಇದ್ದು ಅಲ್ಲಾಡಿಸಬೇಕಾದ ಗಾಳಿ ಕಡಿಮೆ ಆದ್ರೆ ಅಲ್ಲಾಟ ದೊಡ್ಡದಾಗಲೇಬೇಕು, ವರ್ಗಮೂಲದ ಲೆಕ್ಕದಲ್ಲಿ ಸುಮಾರು 250 ಪಟ್ಟು. ಕೆಳಗೆ ಸೆಕೆಂಡಿಗೆ ಹತ್ತಿಪ್ಪತ್ತು ಸೆಂಟಿಮೀಟರ್, ಯಾರ ಗಮನಕ್ಕೂ ಬರದಷ್ಟು ಪಾಪದ ಅಲೆ, ಮೇಲೆ ಹೋಗಿ ಸೆಕೆಂಡಿಗೆ ಮೂವತ್ತು ನಲವತ್ತು ಮೀಟರಿನ ಬಿರುಗಾಳಿ ಆಗುತ್ತೆ. ಕೊನೆಗೆ ತನ್ನ ಎತ್ತರ ತಾನೇ ತಾಳಲಾರದೆ, ಮಲ್ಪೆ ಬೀಚಿಗೆ ಬಂದ ಅಲೆ ಮಗುಚಿಕೊಳ್ಳೋ ಹಾಗೆ ಮಗುಚಿ ಒಡೆಯುತ್ತೆ. ಗಾದಂಕಿ ರೇಡಾರಿಗೆ 70-80 ಕಿ.ಮೀ.ಯಿಂದ ಹಗಲು ಮಾರ್ದನಿ ಕಳಿಸೋ ಕಲಕಾಟ ಹುಟ್ಟೋದೇ ಬಹುಪಾಲು ಹೀಗೆ ಒಡೆದಾಗ.

ಒಡೆದ ಅಲೆ ಸುಮ್ನೆ ಹೋಗಲ್ಲ, ತಾನು ಹೊತ್ತು ತಂದ ತಳ್ಳಾಟವನ್ನ ಅಲ್ಲಿನ ಗಾಳಿಗೆ ದಾಟಿಸುತ್ತೆ. ಮೇಲೆ ಚಿಕ್ಕಮಗಳೂರಿನವರಿಗೆ ಹೇಳಿದ ಜರಡಿ ನೆನಪಿದೆಯಲ್ಲ. ಬೇಸಿಗೇಲಿ ನಿಮ್ಮ ಕಡೆ ಸ್ಟ್ರಾಟೋಸ್ಫಿಯರಲ್ಲಿ ಗಾಳಿ ಪೂರ್ವದಿಂದ ಬೀಸುತ್ತೆ, ಪಶ್ಚಿಮಕ್ಕೆ ಹೋಗೋ ಅಲೆಗಳು ಅಲ್ಲೇ ಸಿಕ್ಕಿಹಾಕ್ಕೊಂಡು, ಪೂರ್ವಕ್ಕೆ ಹೋಗೋವು ಮಾತ್ರ ಮೇಲೆ ಮುಟ್ಟಿ ಒಡೆದು ಅಲ್ಲಿನ ಗಾಳೀನ ಪೂರ್ವಕ್ಕೆ ತಳ್ತವೆ. ಭೂಮಿ ತಿರುಗೋದ್ರಿಂದ ಪೂರ್ವಕ್ಕೆ ತಳ್ಳಿದ ಗಾಳಿ ಬಲಕ್ಕೆ, ದಕ್ಷಿಣಕ್ಕೆ ಹೊರಳುತ್ತೆ. ಉತ್ತರ ಧ್ರುವದ ಕಡೆಯಿಂದ ಗಾಳಿ ಹೀಗೆ ಖಾಲಿಯಾಗ್ತಾ ಹೋದ್ರೆ ಆ ಜಾಗ ತುಂಬೋಕೆ ಕೆಳಗಿಂದ ಗಾಳಿ ಏರಬೇಕು, ಏರಿದ ಗಾಳಿ ಹಿಗ್ಗಿ ತಣ್ಣಗಾಗುತ್ತೆ. ಎಷ್ಟು ತಣ್ಣಗೆ? ಮೈನಸ್ 140 ಡಿಗ್ರಿ ಆಸುಪಾಸು. ಇಪ್ಪತ್ನಾಲ್ಕು ಗಂಟೆ ಬಿಸಿಲು ಬೀಳೋ ಜಾಗದ ಮೇಲೆ, ನಡು ಬೇಸಿಗೇಲಿ, ಇಡೀ ಭೂಮಿಯ ವಾತಾವರಣದಲ್ಲೇ ಅತಿ ಚಳಿ. ಚಳಿಗಾಲದಲ್ಲಿ ಅದೇ ಎತ್ತರ ಇದಕ್ಕಿಂತ ಬೆಚ್ಚಗಿರುತ್ತೆ! ಬಿಸಿಲಿನ ಲೆಕ್ಕ ಮಾತ್ರ ಹಾಕಿದ್ರೆ ಇದು ಎಂದೂ ಬರದ ಉತ್ತರ, ಅಲೆಗಳ ತಳ್ಳಾಟ ಸೇರಿಸಿದ್ರೆ ಮಾತ್ರ ಬರೋದು. ನೀವು ಕಂಡ ಮೋಡ ಹೆಪ್ಪುಗಟ್ಟಿದ್ದು ಆ ಚಳಿಗೆ. ಕೆಳಗೆ ಎಲ್ಲೋ ಗುಡುಗಿದ್ದು, ಯಾವುದೋ ಬೆಟ್ಟಕ್ಕೆ ಗಾಳಿ ಬಡಿದಿದ್ದು, ಅವೆಲ್ಲ ಸೇರಿ ಮೇಲಿನ ಹವಾಮಾನಾನ ಸೂರ್ಯನ ಕೈಯಿಂದ ಕಿತ್ಕೊಂಡುಬಿಟ್ಟಿವೆ, ನನಗೆ ಈ ಇಡೀ ವಿಷಯದಲ್ಲಿ ಹಿಡಿಸೋದೇ ಇದು.

ಇದನ್ನ ಮೊದಲು ನೆಟ್ಟಗೆ ಹೇಳಿದ್ದು ಕೆನಡಾದ ಕಾಲಿನ್ ಹೈನ್ಸ್, 1960ರಲ್ಲಿ. ಉಲ್ಕೆ ಉರಿದ ಜಾಡು ಕೆಲವು ಕಿಲೋಮೀಟರ್ ಒಳಗೇ ಹಾವಿನ ಥರ ಅಂಕುಡೊಂಕಾಗೋದನ್ನ ಎಲ್ಲರೂ ನೋಡಿದ್ರು, ಅದು ತೇಲಲೆ ಅಂತ ಅವರು ಲೆಕ್ಕ ಹಾಕಿ ತೋರಿಸಿದ್ರು. ನಿಮ್ಮ ಸ್ವೀಡನ್ನಿನಲ್ಲೇ ಮೇಲ್ಗಡೆ ಕಿರುನಾ ಹತ್ರ 52 ಮೆಗಾಹರ್ಟ್ಜ್ ರೇಡಾರ್ ಇದೆ, ಈ ಮೋಡದ ಎತ್ತರದ ಸುತ್ತಮುತ್ತಲಿಂದ ಬೇಸಿಗೇಲಿ ಅದಕ್ಕೆ ವಿಪರೀತ ಜೋರು ಮಾರ್ದನಿ ಸಿಗುತ್ತೆ. ಮಂಜಿನ ಕಣಗಳಿಗೆ ಎಲೆಕ್ಟ್ರಾನ್ ಅಂಟಿಕೊಳ್ಳೋದ್ರಿಂದ ಹಾಗೆ. ರಜಾದಲ್ಲಿ ಆ ಕಡೆ ಹೋದ್ರೆ ಫೋಟೋ ಕಳಿಸಿ.

ಪ್ರ: ಇಷ್ಟೆಲ್ಲ ಆಂಟೆನಾ ನೆಡೋ ಬದಲು ಒಂದು ಸ್ಯಾಟಲೈಟ್ ಬಿಟ್ರೆ ಆಗ್ತಿರ್ಲಿಲ್ವಾ? ನಮ್ಮ ತೆರಿಗೆ ದುಡ್ಡು. (ನಿವೃತ್ತ ಹೆಡ್‌ಮಾಸ್ಟರ್, ದಾವಣಗೆರೆ)

ಉ: ಮೇಷ್ಟ್ರೇ, ಪ್ರಶ್ನೆ ನ್ಯಾಯವಾಗಿದೆ. ವಿಮಾನ ಹನ್ನೆರಡು ಕಿಲೋಮೀಟರಿಗೆ ನಿಲ್ಲುತ್ತೆ, ಹವಾಮಾನದ ಬಲೂನ್ ಮೂವತ್ತು ಮೂವತ್ತೈದಕ್ಕೆ ಒಡೆಯುತ್ತೆ. ಸ್ಯಾಟಲೈಟ್ 80 ಕಿ.ಮೀ.ನಲ್ಲಿ ಸುತ್ತೋಕಾಗಲ್ಲ, ಅಷ್ಟು ಗಾಳಿಗೇ ಉರಿದುಹೋಗುತ್ತೆ, ನೂರಾರು ಕಿಲೋಮೀಟರ್ ಮೇಲಿಂದ ಇಣುಕಿ ನೋಡಬೇಕು. ಅದು ಇಡೀ ಭೂಮಿ ತೋರಿಸುತ್ತೆ ನಿಜ, ಆದ್ರೆ ಒಂದೂರಿನ ಮೇಲೆ ಬಸ್ ದಾಟಿದ ಹಾಗೆ ದಾಟಿಹೋಗುತ್ತೆ. ರಾಕೆಟ್? 1963ರ ನವೆಂಬರ್ 21ರಂದು ಕೇರಳದ ತುಂಬಾ ಅನ್ನೋ ಊರಿಂದ ಮೊದಲ ರಾಕೆಟ್ ಹಾರಿದಾಗಿನಿಂದ ನಾವು ಮಾಡ್ತಾ ಬಂದಿದ್ದೇ ಅದು, ಆಮೇಲೆ ನಮ್ಮದೇ ಆರ್‌ಎಚ್-200 ಬಂತು, ಆದ್ರೆ ಒಂದು ರಾಕೆಟ್ ಅಂದ್ರೆ ಕೆಲವು ನಿಮಿಷದ ನೋಟ. ಐದು ನಿಮಿಷದಿಂದ ಎರಡು ದಿನದವರೆಗಿನ ಅಲೆ ಹಿಡಿಯೋಕೆ ಒಂದೇ ಕಡೆ ಕೂತು ರೆಪ್ಪೆ ಮುಚ್ಚದೆ ನೋಡೋರು ಬೇಕು. ಅದು ರೇಡಾರ್ ಕೆಲಸ.

ಇದು ಸಾಧ್ಯ ಅಂತ ಗೊತ್ತಾಗಿದ್ದು ಪೆರು ದೇಶದಲ್ಲಿ. ಲಿಮಾ ಹತ್ರ ಹಿಕಾಮಾರ್ಕಾ ಅನ್ನೋ ಕಡೆ 1960ರ ದಶಕದ ಶುರುವಲ್ಲೇ 18,432 ಡೈಪೋಲ್ (ಸರಳ ಕಡ್ಡಿ ಆಂಟೆನಾ) ಹಾಸಿ, 300 ಮೀಟರ್‌ಗೆ 300 ಮೀಟರ್ ರೇಡಾರ್ ಕಟ್ಟಿದ್ರು, ಅದು ಇನ್ನೂ ಮೇಲಿನ ಅಯಾನುಗೋಳ ನೋಡೋಕೆ. ಅದಕ್ಕೆ ಕೆಳಗಿಂದಲೂ ಬರೋ ಮಾರ್ದನಿ ಬಳಸ್ಕೊಂಡು ಸ್ಟ್ರಾಟೋಸ್ಫಿಯರ್, ಅದರ ಮೇಲಿನ ಪದರವಾದ ಮೆಸೋಸ್ಫಿಯರಿನ ಗಾಳಿ ಅಳೀಬಹುದು ಅಂತ ರೊನಾಲ್ಡ್ ವುಡ್‌ಮನ್ ಮತ್ತು ಆಲ್ಬರ್ಟೋ ಗಿಯೆನ್ 1974ರಲ್ಲಿ ತೋರಿಸಿದ್ರು. ಅಲ್ಲಿಂದ ಎಲ್ಲಾ ಕಡೆ ಹಬ್ಬಿತು, ಜಪಾನಿನ ಶಿಗರಾಕಿಯಲ್ಲಿ 1984ರಲ್ಲಿ, ನಮ್ಮಲ್ಲಿ 1990ರ ದಶಕದ ಮೊದಲಲ್ಲಿ. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ನಮ್ಮ ಉಡುಪಿ ಕಡೆಯ ಅದಮಾರಿನ ಯು. ಆರ್. ರಾವ್. ಗಾದಂಕಿಯದನ್ನ ಕಟ್ಟಿದ್ದು ಮುಂಬೈನ ಸಮೀರ್ ಸಂಸ್ಥೆ, ಹೊರಗಿಂದ ರೆಡಿಮೇಡ್ ತಂದಿದ್ದಲ್ಲ. ಆಗ 32 ದೊಡ್ಡ ಟ್ರಾನ್ಸ್‌ಮಿಟರ್ ಇದ್ವು, ಈಗ ಅದನ್ನ ಬದಲಾಯಿಸಿ ಆಂಟೆನಾಗೊಂದು ಅಂತ 1024 ಪುಟ್ಟ ಟ್ರಾನ್ಸ್‌ಮಿಟರ್ ಕೂರಿಸಿದಾರೆ, ಒಂದು ಕೆಟ್ರೆ ಊರೆಲ್ಲ ಕತ್ತಲಾಗಲ್ಲ. ಮೂವತ್ತು ವರ್ಷ ದುಡಿದ ಉಪಕರಣ ಮೇಷ್ಟ್ರೇ, ನನ್ನ ಮಟ್ಟಿಗೆ ದುಡ್ಡು ವಸೂಲಾಗಿದೆ.

ಎಲ್ಲಾ ಕಡೆ ಇಷ್ಟು ದೊಡ್ಡದೇ ಬೇಕು ಅಂತಿಲ್ಲ. ಉಲ್ಕಾ ರೇಡಾರ್ ಅಂತ ಇದೆ, ತಿರುಪತಿಯ ವೆಂಕಟೇಶ್ವರ ವಿಶ್ವವಿದ್ಯಾಲಯದಲ್ಲಿ ಒಂದು ಇದೆ, ಅದು 80ರಿಂದ 100 ಕಿ.ಮೀ. ಎತ್ತರದಲ್ಲಿ ಉಲ್ಕೆಗಳು ಬಿಟ್ಟುಹೋದ ಜಾಡು ಗಾಳಿಗೆ ಎತ್ತ ತೇಲುತ್ತೆ ನೋಡುತ್ತೆ, ಹಗಲೂ ಸರಿ, ರಾತ್ರಿನೂ ಸರಿ, ಮೋಡ ಇದ್ರೂ ಸರಿ. ಬರಿಗಣ್ಣಿಗೆ ಕಾಣದ ಸಣ್ಣ ಉಲ್ಕೆಗಳು ದಿನಾ ಸಾವಿರಗಟ್ಟಲೆ ಬೀಳ್ತವೆ. ಇಂಥವುಗಳಿಂದ ಸಿಕ್ಕಿದ್ದರಲ್ಲಿ ಒಂದು ವಾತಾವರಣದ ಉಬ್ಬರವಿಳಿತ: ಸಮುದ್ರದ್ದು ಮುಖ್ಯವಾಗಿ ಚಂದ್ರನಿಂದ, ಗಾಳಿಯದು ಸೂರ್ಯನ ಶಾಖದಿಂದ, ಕೆಳಗೆ ನೀರಾವಿ ಮತ್ತು ಮೇಲೆ ಓಝೋನ್ ದಿನಾ ಕಾದು ಆರೋದ್ರಿಂದ 24 ಗಂಟೆ, 12 ಗಂಟೆಯ ಅಲೆಗಳು ಏಳ್ತವೆ.

ಪ್ರ: ಟೋಂಗಾ ಜ್ವಾಲಾಮುಖಿ ಅಲೆ ನಮ್ಮೂರಿಗೂ ಬಂದಿತ್ತು ಅಂತ ಮಗ ವಾದ ಮಾಡ್ತಾನೆ. ನಿಜವಾ? (ಮೈಸೂರು)

ಉ: ಮಗ ಗೆದ್ದ. 2022ರ ಜನವರಿ 15, ಸಂಕ್ರಾಂತಿ ಹೊತ್ತು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಸ್ವಲ್ಪ ಮುಂಚೆ ಸಿಡೀತು. ಆದ್ರೆ ಅದರ ಮುಖ್ಯ ಅಲೆ ತೇಲಲೆ ಅಲ್ಲ, ಲ್ಯಾಂಬ್ ಅಲೆ, ನೆಲಕ್ಕೆ ಅಂಟಿಕೊಂಡು ಹೆಚ್ಚುಕಮ್ಮಿ ಸದ್ದಿನ ವೇಗದಲ್ಲಿ, ಸೆಕೆಂಡಿಗೆ 310 ಮೀಟರ್ ಚಿಲ್ಲರೆ, ಭೂಮಿ ಸುತ್ತುತ್ತೆ. ನಮಗೂ ಟೋಂಗಾಗೂ ಹನ್ನೆರಡು ಸಾವಿರ ಕಿಲೋಮೀಟರ್ ಚಿಲ್ಲರೆ, ಲೆಕ್ಕ ಹಾಕಿದ್ರೆ ರಾತ್ರಿ ಎಂಟೂವರೆ ಸುಮಾರಿಗೆ ಮೈಸೂರು ದಾಟಿರಬೇಕು. ಜಗತ್ತಿನ ತುಂಬ ಬ್ಯಾರೋಮೀಟರ್‌ಗಳು ಅದನ್ನ ಒಂದಲ್ಲ ಹಲವು ಸಲ ದಾಖಲಿಸಿದ್ವು. ಅದರ ಜೊತೆ ಮೇಲಕ್ಕೆ ಹೊರಟ ಅಲೆಗಳು ಉಲ್ಕಾ ರೇಡಾರ್‌ಗಳಿಗೂ ಸಿಕ್ಕಿವೆ.

ಪ್ರ: ನಾನು ರಾಯಚೂರು ಜಿಲ್ಲೆ, ಬಿಎಸ್ಸಿ ಕೊನೇ ವರ್ಷ, ಹತ್ತನೇ ಕ್ಲಾಸುವರೆಗೆ ಕನ್ನಡ ಮೀಡಿಯಂ. ಇದನ್ನ ಓದಬೇಕು ಅಂದ್ರೆ ಏನ್ ಮಾಡ್ಲಿ ಸರ್?

ಉ: ಮೊದಲು ಫಿಸಿಕ್ಸಲ್ಲಿ ಎಂಎಸ್ಸಿ ಮಾಡಿ, ಎಲೆಕ್ಟ್ರಾನಿಕ್ಸ್ ಅಥವಾ ಅಟ್ಮಾಸ್ಫೆರಿಕ್ ಸೈನ್ಸ್ ಆದ್ರೂ ನಡೆಯುತ್ತೆ. ಜೊತೆಗೆ ನೆಟ್ ಅಥವಾ ಗೇಟ್ ಬರೀರಿ. ಗಾದಂಕಿಯ ಸಂಸ್ಥೆಗೆ 2005ರಿಂದ ರಾಷ್ಟ್ರೀಯ ವಾತಾವರಣ ಸಂಶೋಧನಾ ಪ್ರಯೋಗಾಲಯ ಅಂತ ಹೆಸರು, ಅಲ್ಲಿ ಪಿಎಚ್‌ಡಿಗೆ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಆಗಿ ತಗೊಳ್ತಾರೆ. ಬೆಂಗಳೂರಿನ ಐಐಎಸ್ಸಿಯಲ್ಲಿ ವಾತಾವರಣ ಮತ್ತು ಸಾಗರ ವಿಜ್ಞಾನ ಕೇಂದ್ರ ಇದೆ, ತಿರುವನಂತಪುರದಲ್ಲಿ ಇಸ್ರೋದ ಸ್ಪೇಸ್ ಫಿಸಿಕ್ಸ್ ಲ್ಯಾಬ್, ಅಹಮದಾಬಾದಿನಲ್ಲಿ ಪಿಆರ್‌ಎಲ್ (ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿ). ಮುಂಬೈನ ಭೂಕಾಂತತ್ವ ಸಂಸ್ಥೆಯವರ ರೇಡಾರ್ ತಿರುನೆಲ್ವೇಲಿ ಮತ್ತು ಕೊಲ್ಲಾಪುರದಲ್ಲಿದೆ, ಕೊಲ್ಲಾಪುರ ಅಂದ್ರೆ ನಿಪ್ಪಾಣಿ ದಾಟಿದ್ರೆ ಆಯ್ತು.

ಮೀಡಿಯಂ ಚಿಂತೆ ಬಿಡಿ, ಅದು ಒಂದು ವರ್ಷದ ಕಷ್ಟ. ಈಗಿಂದಲೇ ಮಾಡಬೇಕಾದ್ದು ಬೇರೆ: ಫೂರಿಯರ್ ಗಣಿತ (ಕಲಸಿದ ಅಲೆಯನ್ನ ಬಿಡಿ ಬಿಡಿ ಅಲೆಗಳಾಗಿ ಬಿಡಿಸೋದು) ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಡಬೇಡಿ, ಕೂತು ಅರ್ಥ ಮಾಡ್ಕೊಳ್ಳಿ, ರೇಡಾರ್ ಡೇಟಾ ಅಂದ್ರೆ ಬೆಳಗಿಂದ ಸಂಜೆವರೆಗೆ ಅದೇ. ಪೈಥಾನ್ ಕಲೀರಿ. ನಿಮ್ಮ ಫೋನಿನಲ್ಲಿ ಒತ್ತಡ ಅಳೆಯೋ ಸೆನ್ಸರ್ ಇದ್ಯಾ ನೋಡಿ, ಕೆಲವು ಫೋನಲ್ಲಿ ಇರುತ್ತೆ. ಇದ್ರೆ ಮುಂದಿನ ಗುಡುಗು ಮಳೆಗೆ ಎರಡು ಗಂಟೆ ಮುಂಚೆಯಿಂದ ಮಳೆ ನಿಂತು ಎರಡು ಗಂಟೆವರೆಗೆ ಅದನ್ನ ಮೇಜಿನ ಮೇಲಿಟ್ಟು ಅಂಕಿ ಬರ್ಕೊಳ್ಳಿ, ಗ್ರಾಫ್ ಹಾಕಿ, ಅದರಲ್ಲಿ ಅಂಕುಡೊಂಕು ಏನಾದ್ರೂ ಕಂಡ್ರೆ ಈ ಪುಟದ ವಿಳಾಸಕ್ಕೇ ಕಳಿಸಿ, ಇಬ್ಬರೂ ಕೂತು ನೋಡೋಣ.